ಆ ಮಕ್ಕಳನ್ನು ಗೋಡೆಗೆ ನಿಲ್ಲಿಸಬೇಡಿ

ಡ್ಯೂಟಿ ಮುಗಿಸಿ ಮನೆಗೆ ಬಂದು ಎರಡು ಗಂಟೆ ಆಯಿತು. ಸಿಟ್ಟು ಇನ್ನೂ ಇಳಿದಿಲ್ಲ. ಹಾಗಾಗಿ ಬರೆದೇ ಬಿಡುತ್ತೇನೆ.

ನಾನು ಆಸ್ಪತ್ರೆಯಲ್ಲಿ ನರ್ಸ್. ಒಂದು ವಾರ ರಜೆಯಲ್ಲಿದ್ದೆ. ಇವತ್ತು ಬೆಳಿಗ್ಗೆ ಹಿಂದಿನ ಶಿಫ್ಟಿನವರಿಂದ ರೋಗಿಗಳ ವಿವರ ಕೇಳಿಕೊಂಡು, ಅಂದರೆ ಹ್ಯಾಂಡೋವರ್ ತಗೊಂಡು ವಾರ್ಡಿಗೆ ಹೋದರೆ, ಬಾಗಿಲ ಪಕ್ಕದ ಗೋಡೆಗೆ ಒರಗಿಕೊಂಡು ಮೂರು ಹುಡುಗಿಯರು. ಸ್ಕೂಲ್ ಯೂನಿಫಾರಂ, ಎರಡು ಜಡೆ, ರಿಬ್ಬನ್, ಎದೆಗೆ ಅವಚಿಕೊಂಡ ಒಂದೊಂದು ನೋಟ್‌ಬುಕ್. ಯಾರಮ್ಮಾ ನೀವು ಅಂದೆ. 'ಇಂಟರ್ನ್‌ಶಿಪ್ಪಿಗೆ ಬಂದಿದ್ದೀವಿ ಮಿಸ್' ಅಂದಳು ಒಬ್ಬಳು. ಎಷ್ಟು ದಿನ ಆಯ್ತು? 'ಇವತ್ತಿಗೆ ನಾಲ್ಕು.' ಏನೇನು ಕಲಿತಿರಿ? ಮೂವರೂ ಮುಖ ಮುಖ ನೋಡಿಕೊಂಡರು. ಮೊದಲ ದಿನ ಆಸ್ಪತ್ರೆ ಬಾಗಿಲಲ್ಲಿ ನಿಲ್ಲಿಸಿ ಫೋಟೊ ತೆಗೆದರಂತೆ. ಆಮೇಲೆ ಇಲ್ಲೇ ನಿಂತಿದ್ದಾರೆ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರವರೆಗೆ. ಕೂತ್ಕೊಳ್ಳಿ ಅಂತ ಕೂಡ ಯಾರೂ ಹೇಳಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ರಾಜ್ಯದ ಎಷ್ಟೋ ಸರ್ಕಾರಿ ಹೈಸ್ಕೂಲುಗಳಲ್ಲಿ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳು ತೃತೀಯ ಭಾಷೆಯ ಬದಲು ಒಂದು ವೃತ್ತಿ ವಿಷಯ ತಗೋಬಹುದು. ಎನ್‌ಎಸ್‌ಕ್ಯೂಎಫ್, ಅಂದರೆ ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟು ಅಂತ ಕರೆಯುತ್ತಾರೆ. 2013ರಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ಚೌಕಟ್ಟು ಅದು. ಐಟಿ, ರಿಟೇಲ್, ಆಟೋಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್, ಹೆಲ್ತ್‌ಕೇರ್, ಹೀಗೆ. ಎಸ್ಸೆಸ್ಸೆಲ್ಸಿಯಲ್ಲಿ ಅದಕ್ಕೆ ಪರೀಕ್ಷೆಯೂ ಇದೆ. ಈ ಮೂವರು ಹಿಂದಿ ಬಿಟ್ಟು ಹೆಲ್ತ್‌ಕೇರ್ ತಗೊಂಡವರು, ಅದರ ಇಂಟರ್ನ್‌ಶಿಪ್ಪಿಗೇ ಇಲ್ಲಿಗೆ ಬಂದಿದ್ದು. ನನಗೆ ಈ ಯೋಜನೆ ಬಗ್ಗೆ ತಕರಾರಿಲ್ಲ, ಖುಷಿಯೇ ಇದೆ. ನನ್ನ ತಕರಾರು ಆ ಗೋಡೆಯದ್ದು.

ನಾನು ಮಂಗಳೂರಿನಲ್ಲಿ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮಾಡುವಾಗ ನಮ್ಮನ್ನು ವಾರ್ಡ್ ಪೋಸ್ಟಿಂಗಿಗೆ ಹಾಕಿದರೆ ಜೊತೆಗೆ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಇರುತ್ತಿದ್ದರು. ಒಂದೊಂದು ಕೆಲಸವನ್ನೂ ಅವರು ಮಾಡಿ ತೋರಿಸೋರು, ನಾವು ಮಾಡಿದ್ದನ್ನು ನೋಡೋರು, ಆಮೇಲೆ ಪುಸ್ತಕಕ್ಕೆ ಸಹಿ ಹಾಕೋರು. ಅವರು ಬೈದದ್ದು ಇವತ್ತಿಗೂ ಕಿವಿಯಲ್ಲಿದೆ. ಹದಿನೆಂಟು ದಾಟಿದ ನಮಗೇ ಅಷ್ಟು ಕಾವಲು ಬೇಕಿತ್ತು. ಹದಿನಾಲ್ಕು ವರ್ಷದ ಮಕ್ಕಳನ್ನು ಮಾತ್ರ ಬಾಗಿಲ ಹತ್ತಿರ ಬಿಟ್ಟು ಹೋದರೆ ಸಾಕಾ?

ಇವತ್ತು ರೌಂಡ್ಸ್ ಮುಗಿದ ಮೇಲೆ ಮೂವರನ್ನೂ ಕರೆದೆ. ಮೊದಲು ಕೈ ತೊಳೆಯೋದು. ಸೋಪು ಹಚ್ಚಿ ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ ಎಲ್ಲ ಉಜ್ಜಿ ತೊಳೆಯೋಕೆ 40ರಿಂದ 60 ಸೆಕೆಂಡ್ ಬೇಕು. ನಮ್ಮಲ್ಲಿ ದೊಡ್ಡವರೇ ಹತ್ತು ಸೆಕೆಂಡಿಗೆ ಮುಗಿಸುತ್ತಾರೆ. ಆಮೇಲೆ ನಾಡಿ. ಒಬ್ಬಳು ಹೆಬ್ಬೆರಳಿಟ್ಟು ಹಿಡಿದಳು. ಹೆಬ್ಬೆರಳು ಬೇಡ ಪುಟ್ಟಾ, ಅದರಲ್ಲೇ ನಿನ್ನ ನಾಡಿ ಹೊಡೆಯುತ್ತೆ, ನಿನ್ನದನ್ನೇ ಎಣಿಸಿಬಿಡ್ತೀಯಾ ಅಂತ ಮೂರು ಬೆರಳು ಇಟ್ಟು ತೋರಿಸಿದೆ. ಗೆಳತಿಯ ಮಣಿಕಟ್ಟಿನಲ್ಲಿ ನಾಡಿ ಸಿಕ್ಕಾಗ ಅವಳು ಉಸಿರು ಹಿಡಿದು ನಿಂತಳು. ಪೂರ್ತಿ ಒಂದು ನಿಮಿಷ ಎಣಿಸಿದಳು. 'ಎಂಬತ್ತೆರಡು ಮಿಸ್!' ನಾಲ್ಕು ದಿನದಲ್ಲಿ ಆ ನೋಟ್‌ಬುಕ್ಕಿಗೆ ಬಿದ್ದ ಮೊದಲ ಅಂಕಿ ಅದು.

ಇನ್ನೊಂದು ಹೇಳಲೇಬೇಕು. ಆರನೇ ಬೆಡ್ಡಿನ ಅಜ್ಜಿ ಎರಡು ದಿನದಿಂದ ಕಾಫಿ ಸರಿಯಾಗಿ ಕುಡೀತಿಲ್ಲ ಅಂತ ಚಾರ್ಟಿನಲ್ಲಿ ಬರೆದಿತ್ತು. ಆ ಮೂವರಲ್ಲಿ ಮಾತೇ ಆಡದ ಹುಡುಗಿ ಮೆಲ್ಲಗೆ ಬಂದು, 'ಮಿಸ್, ಅಜ್ಜಿಯ ಬಲಗೈಗೆ ಸೂಜಿ ಇದೆ. ಲೋಟ ಬಲಗಡೆನೇ ಇಡ್ತಾರೆ. ಎಡಗೈ ಅಲ್ಲಿಗೆ ಎಟುಕಲ್ಲ' ಅಂದಳು. ಹೋಗಿ ಲೋಟವನ್ನು ಎಡಗಡೆಗೆ ಇಟ್ಟಳು, ಬೆನ್ನಿಗೆ ದಿಂಬು ಕೊಟ್ಟಳು. ಅಜ್ಜಿ ಪೂರ್ತಿ ಕುಡಿದರು. ಎರಡು ದಿನದಲ್ಲಿ ಎಷ್ಟು ಶಿಫ್ಟ್ ಬದಲಾಗಿತ್ತು, ನಮ್ಮಲ್ಲಿ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಗೋಡೆಗೆ ನಿಂತು ನಿಂತು ಆ ಮಗು ವಾರ್ಡನ್ನು ನೋಡುತ್ತಲೇ ಇತ್ತು. ಕೇಳೋರು ಇರಲಿಲ್ಲ ಅಷ್ಟೇ.

ಮಧ್ಯಾಹ್ನ ಊಟ ಮಾಡುವಾಗ ಅವರ ಕ್ಲಾಸಿನ ರಿಟೇಲ್ ಹುಡುಗರ ವಿಷಯ ಹೇಳಿದರು. ಅವರನ್ನು ಕಳಿಸಿದ ಅಂಗಡಿಯಲ್ಲಿ ದಿನವಿಡೀ ಅಕ್ಕಿ ಮೂಟೆ ಇಳಿಸಿದ್ದೇ ಕೆಲಸವಂತೆ. ಬಿಲ್ಲಿಂಗ್ ಕೌಂಟರ್ ಹತ್ತಿರಕ್ಕೂ ಬಿಟ್ಟಿಲ್ಲ. ಸ್ಟಾಕ್ ಹೇಗೆ ಬರೆಯೋದು, ಗಿರಾಕಿ ಸಿಟ್ಟಾದರೆ ಹೇಗೆ ಮಾತಾಡೋದು, ಯಾವುದೂ ಇಲ್ಲ. ಇಲ್ಲಿ ಗೋಡೆ, ಅಲ್ಲಿ ಮೂಟೆ. ಇದಕ್ಕೆ ಕಲಿಕೆ ಅಂತ ಹೆಸರಿಡೋದು ಆ ಮಕ್ಕಳಿಗೆ ಮಾಡುವ ಮೋಸ.

ಆಸ್ಪತ್ರೆ ಮಕ್ಕಳ ಜಾಗವೇ ಅಲ್ಲ, ಸೋಂಕು ತಗುಲಿದರೆ ಯಾರು ಹೊಣೆ ಅಂತ ನನ್ನ ಜೊತೆಯ ಸಿಸ್ಟರ್ ಒಬ್ಬರು ಕೇಳಿದರು. ಭಯ ಸರಿಯೇ. ಹದಿನಾಲ್ಕರಿಂದ ಹದಿನೆಂಟರ ಮಕ್ಕಳನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ ಅಂತ 2016ರಲ್ಲಿ ತಿದ್ದುಪಡಿಯಾದ ಕಾನೂನೂ ಇದೆ. ಸೂಜಿ, ರಕ್ತ, ಡ್ರೆಸ್ಸಿಂಗ್, ಐಸೋಲೇಷನ್ ಹತ್ತಿರ ಅವರು ಹೋಗಲೇಬಾರದು. ಆದರೆ ಹಾಸಿಗೆ ಹಾಕೋದು, ಬಿಪಿ ಬರೆದುಕೊಳ್ಳೋದು, ಒಪಿಡಿಯಲ್ಲಿ ದಿಕ್ಕು ತಪ್ಪಿದವರಿಗೆ ದಾರಿ ತೋರಿಸೋದು, ಇದರಲ್ಲಿ ಏನು ಅಪಾಯ? ಅದೇ ಭಯ ಇದ್ದಿದ್ದರೆ ನಾಲ್ಕು ದಿನ ವಾರ್ಡಿನ ಬಾಗಿಲಲ್ಲಿ ಮಾಸ್ಕ್ ಇಲ್ಲದೆ ಯಾಕೆ ನಿಲ್ಲಿಸಿದ್ದರು?

ಬಡವರ ಮಕ್ಕಳಿಗೆ ಮಾತ್ರ ಇಂಥ ಕೆಲಸ ಕಲಿಸ್ತಾರೆ, ಅವರೂ ಡಾಕ್ಟರ್ ಆಗಬಾರದಾ ಅಂತ ಕೇಳುವವರೂ ಇದ್ದಾರೆ. ಆಗಲಿ, ನನಗೂ ಅದೇ ಆಸೆ. ನನ್ನ ಅಕ್ಕ ಜೆಒಸಿಯಲ್ಲಿ, ಅಂದರೆ ಎಸ್ಸೆಸ್ಸೆಲ್ಸಿ ಆದಮೇಲೆ ಪಿಯು ಬದಲು ಓದುತ್ತಿದ್ದ ವೃತ್ತಿ ಕೋರ್ಸಿನಲ್ಲಿ, ಲ್ಯಾಬ್ ಟೆಕ್ನಾಲಜಿ ಓದಿದವಳು. ಪಿಯು ಓದುವವರ ಮುಂದೆ ಅವಳು ತಲೆ ತಗ್ಗಿಸುತ್ತಿದ್ದದ್ದನ್ನು ನೋಡಿದ್ದೇನೆ. ಆಮೇಲೆ ಆ ಕೋರ್ಸನ್ನೇ ಮುಚ್ಚಿದರು. ಅದಕ್ಕೇ ಹೇಳ್ತಿರೋದು, ಇದು ಎಲ್ಲ ಮಕ್ಕಳಿಗೂ ಇರಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ಕ್ಲಾಸಿನ ಪ್ರತಿ ಮಗುವೂ ಬ್ಯಾಗ್ ಇಲ್ಲದೆ ಹತ್ತು ದಿನ ಬಡಗಿ, ಕುಂಬಾರ, ತೋಟದ ಕೆಲಸದವರ ಹತ್ತಿರ ಕಲಿಯಬೇಕು ಅಂತಿದೆ. ಆ ನೀತಿಯ ಜಗಳ ಏನೇ ಇರಲಿ, ಈ ಒಂದು ಮಾತು ನನಗೆ ಇಷ್ಟ. ಖಾಸಗಿ ಶಾಲೆಯಲ್ಲಿ ಓದಿದ ನನ್ನ ಮಗನಿಗೆ ಇಂಥ ಒಂದು ದಿನವೂ ಸಿಗಲಿಲ್ಲ. ತಾನು ಮಲಗಿದ ಹಾಸಿಗೆ ಸರಿಮಾಡೋಕೆ ಅವನಿಗೆ ಇವತ್ತಿಗೂ ಬರಲ್ಲ.

ಒಂದು ವಿಷಯ ಮುಚ್ಚಿಡಲ್ಲ. ಎರಡು ವರ್ಷದ ಹಿಂದೆ ಹೀಗೇ ಒಬ್ಬ ಹುಡುಗ ಬಂದಿದ್ದ. ವಾರ್ಡ್ ತುಂಬಿತ್ತು, ಇಬ್ಬರು ಸಿಸ್ಟರ್ ರಜೆ. ಅಡ್ಡ ಬರಬೇಡಪ್ಪಾ, ಹೊರಗೆ ಬೆಂಚ್ ಮೇಲೆ ಕೂತ್ಕೋ ಅಂದೆ. ಐದು ದಿನ ಅಲ್ಲೇ ಕೂತಿದ್ದ. ಕೊನೇ ದಿನ ಸಹಿಗೆ ಪುಸ್ತಕ ತಂದಾಗ ಒಳಗೆ ಏನು ಬರೆದಿದ್ದಾನೆ ಅಂತ ಕೂಡ ನೋಡದೆ ಸಹಿ ಹಾಕಿದೆ. ಇವತ್ತು ಈ ಮೂವರನ್ನು ನೋಡಿದಾಗ ಮೊದಲು ನೆನಪಾದದ್ದು ಅವನೇ. ಹಾಗಾಗಿ ಈ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ.

ನಮಗೆ ಕೆಲಸ ಜಾಸ್ತಿ, ನಿಜ. ಕಲಿಸೋಕೆ ಪುರುಸೊತ್ತಿಲ್ಲ, ಅದೂ ನಿಜ. ಆದರೆ ಇವತ್ತು ನಾನು ಕೊಟ್ಟ ಸಮಯ ಒಟ್ಟು ಸೇರಿಸಿದರೆ ಒಂದು ಗಂಟೆ ಆಗಲ್ಲ. ಒಂದು ಮಗುವಿಗೆ ಒಬ್ಬ ಸಿಸ್ಟರ್, ಅಥವಾ ಅಂಗಡಿಯಲ್ಲಾದರೆ ಒಬ್ಬ ಅನುಭವಸ್ಥ ಕೆಲಸಗಾರ, ಅಷ್ಟು ಗೊತ್ತು ಮಾಡಿ ಕಳಿಸಿ. ಯಾರ ಜೊತೆ ಇರಬೇಕು ಅಂತ ಮಗುವಿಗೆ ಗೊತ್ತಿರಲಿ. ಶಾಲೆಯ ಮೇಷ್ಟ್ರು ಮಧ್ಯೆ ಒಂದು ದಿನ ಬಂದು ನೋಡಲಿ. ಅಷ್ಟು ಆಗದಿದ್ದರೆ ಮಕ್ಕಳನ್ನು ಕಳಿಸಲೇಬೇಡಿ.

ನಾಳೆ ಅವರ ಕೊನೇ ದಿನ. ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮಾತಾಡಿ ಮೂವರನ್ನೂ ಮೂರು ಜನರಿಗೆ ಹಂಚಿದ್ದೇವೆ. ಲೋಟ ಎಡಗಡೆಗೆ ಇಟ್ಟ ಹುಡುಗಿ ನನ್ನ ಜೊತೆ. ಎಂಟು ಗಂಟೆಗೇ ಬಾ ಅಂದಿದ್ದೇನೆ, ಹ್ಯಾಂಡೋವರ್ ಅವಳೂ ಕೇಳಿಸಿಕೊಳ್ಳಲಿ.