ಮೊದಲು ರೀಡ್, ಆಮೇಲೆ ರೈಟ್
ವಾಕಿಟಾಕಿಯನ್ನು ಕಂಪ್ಯೂಟರ್‌ನಿಂದ ಪ್ರೋಗ್ರಾಮ್ ಮಾಡುವ ಬಗ್ಗೆ ನೀವು ಹಾಕಿದ ಲೇಖನ ಓದಿದೆ. ಸೆಟ್‌ಗೆ ಕೇಬಲ್ ಹಾಕಿ, ಸಾಫ್ಟ್‌ವೇರ್‌ನಲ್ಲಿ ಫ್ರೀಕ್ವೆನ್ಸಿ ತುಂಬಿ, ರೈಟ್ (ಸೆಟ್‌ಗೆ ಬರೆಯುವ ಬಟನ್) ಒತ್ತಿದರೆ ಮುಗೀತು ಅಂತ ಅದರಲ್ಲಿದೆ. ದಯವಿಟ್ಟು ಅದಕ್ಕೂ ಮೊದಲು ರೀಡ್ ಒತ್ತಲು ಹೇಳಿ. ಸೆಟ್‌ನಲ್ಲಿ ಇರುವುದನ್ನು ಓದಿ, ಆ ಫೈಲನ್ನು ಉಳಿಸಿಕೊಂಡೇ ಬದಲಾಯಿಸಬೇಕು. ನಾನು ಉಡುಪಿಯಲ್ಲಿ ಈ ಕೆಲಸ ಕಲಿಯುವಾಗ ಹೀಗೆ ಮಾಡದೆ ಒಂದು ಸೆಟ್‌ನ 16 ಚಾನೆಲ್‌ಗಳನ್ನೂ ಕಳೆದುಕೊಂಡೆ.

ಹೊಸಬರಿಗೆ ಜಾಸ್ತಿ ತಲೆನೋವು ಕೊಡುವುದು ಟೋನ್, ಅಂದರೆ ಮಾತಿನ ಜೊತೆ ಹೋಗುವ ಗುರುತಿನ ಸ್ವರ. ಎರಡೂ ಸೆಟ್‌ನಲ್ಲಿ ಫ್ರೀಕ್ವೆನ್ಸಿ ಒಂದೇ, ಆದರೂ ಮಾತು ಕೇಳುವುದಿಲ್ಲ. ಒಂದು 88.5 ಹರ್ಟ್ಜ್ ಟೋನ್ ಕಳಿಸುತ್ತಿದೆ, ಇನ್ನೊಂದು 100 ಹರ್ಟ್ಜ್‌ಗೆ ಕಾಯುತ್ತಿದೆ. ಸ್ಪೀಕರ್ ತೆರೆಯುವುದೇ ಇಲ್ಲ. ಸೆಟ್ ಕೆಟ್ಟಿದೆ ಅಂತ ಸುಮ್ನೆ ಬಿಚ್ಚಬೇಡಿ. ಕೇಳಿಸದ ಸೆಟ್‌ನ ರಿಸೀವ್ ಟೋನ್ ಸೆಟ್ಟಿಂಗ್ ತೆಗೆದು ನೋಡಿ, ತಕ್ಷಣ ಗೊತ್ತಾಗುತ್ತದೆ. ಚಾನೆಲ್ ಅಗಲವೂ (ಒಂದು ಚಾನೆಲ್ ಬಳಸುವ ಫ್ರೀಕ್ವೆನ್ಸಿಯ ಹರವು) ಅಷ್ಟೇ: ಒಂದರಲ್ಲಿ 12.5, ಇನ್ನೊಂದರಲ್ಲಿ 25 ಕಿಲೋಹರ್ಟ್ಜ್ ಇದ್ದರೆ ಧ್ವನಿ ಸಣ್ಣದಾಗುತ್ತದೆ, ಇಲ್ಲವೇ ಒಡೆಯುತ್ತದೆ.

ನಮ್ಮ ಕರಾವಳಿಯ ಉಪ್ಪುಗಾಳಿಗೆ ಸೆಟ್‌ನ ಪಿನ್‌ಗಳು ಹಸಿರುಗಟ್ಟುತ್ತವೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ರೀಡ್ ಆಗದಿದ್ದರೆ ಮೊದಲು ಅವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆ ಕೇಬಲ್‌ನ ಡ್ರೈವರ್ (ಕೇಬಲ್ ಕೆಲಸ ಮಾಡಲು ಕಂಪ್ಯೂಟರ್‌ನಲ್ಲಿ ಬೇಕಾದ ಸಾಫ್ಟ್‌ವೇರ್) ನೋಡಿ. ನಕಲಿ ಚಿಪ್ ಇರುವ ಅಗ್ಗದ ಕೇಬಲ್‌ಗಳನ್ನು ವಿಂಡೋಸ್‌ನ ಹೊಸ ಡ್ರೈವರ್ ಒಪ್ಪುವುದಿಲ್ಲ.

ಇನ್ನೊಂದು ಮಾತು. ಮಲ್ಪೆಯ ದೋಣಿಗಳು ಅಪಾಯದಲ್ಲಿ ಕರೆಯುವ ಚಾನೆಲ್ 16 ಅಂದರೆ 156.8 ಮೆಗಾಹರ್ಟ್ಜ್. ದಡದಲ್ಲಿ ಕೂತು ಪರೀಕ್ಷೆಗೆ ಅಂತ ಅದರಲ್ಲಿ ಪಿಟಿಟಿ (ಮಾತಾಡಲು ಒತ್ತುವ ಬಟನ್) ಒತ್ತಲೇಬೇಡಿ. ನಿಮಗೆ ಲೈಸೆನ್ಸ್‌ನಲ್ಲಿ ಕೊಟ್ಟ ಫ್ರೀಕ್ವೆನ್ಸಿಯನ್ನಷ್ಟೇ ತುಂಬಿ.