ಕ್ಯಾನ್ಸರ್ ಬಂದ ಎಲ್ಲರಿಗೂ ಮೊದಲ ದಿನದಿಂದಲೇ ಆಕ್ಯುಪೇಷನಲ್ ಥೆರಪಿ ಬೇಕಾ?

ಪರ: ಬೇಕು, ತಡ ಮಾಡಬಾರದು

ಆಕ್ಯುಪೇಷನಲ್ ಅಂದ ಕೂಡಲೇ ಜಾಸ್ತಿ ಜನ ನೌಕರಿ ಅಂದುಕೊಳ್ಳುತ್ತಾರೆ. ಇಲ್ಲಿ ಅದರ ಅರ್ಥ ದಿನ ತುಂಬುವ ಎಲ್ಲ ಕೆಲಸ; ಅವನ್ನು ರೋಗಿ ಮತ್ತೆ ತಾನೇ ಮಾಡುವಂತೆ ನೆರವಾಗುವುದೇ ಈ ಥೆರಪಿ. ಸ್ನಾನ, ಅಡುಗೆ, ಆಫೀಸು, ಮಗಳ ತಲೆ ಬಾಚುವುದು. ಕ್ಯಾನ್ಸರ್ ಕಿತ್ತುಕೊಳ್ಳುವುದು ಇವನ್ನೇ ಅಲ್ವಾ?

ಪ್ಯಾಕ್ಲಿಟ್ಯಾಕ್ಸೆಲ್, ವಿನ್‌ಕ್ರಿಸ್ಟೀನ್ ಥರದ ಕೀಮೋ ಔಷಧಿಗಳು ಬೆರಳ ತುದಿಯ ನರಗಳಿಗೆ ಪೆಟ್ಟು ಕೊಡುತ್ತವೆ. ಹಾಗೆ ಜೋಮು ಹಿಡಿದ ಕೈ ಅಂಗಿಯ ಗುಂಡಿ ಹಾಕುವುದನ್ನು ಹತ್ತಿರದಿಂದ ನೋಡಬೇಕು. ಗುಂಡಿ ಬೆರಳ ನಡುವೆ ಇದೆಯೋ ಜಾರಿತೋ ಗೊತ್ತಾಗುವುದಿಲ್ಲ. ಕಾಜಾದ ಅಂಚಿಗೆ ತಾಗುತ್ತದೆ, ವಾಪಸ್ ಜಾರುತ್ತದೆ. ಮೂರನೇ ಸಲಕ್ಕೆ ಮನೆಯವರ ಕೈ ಮುಂದೆ ಬರುತ್ತದೆ. ಅವರು ಪ್ರೀತಿಯಿಂದಲೇ ಮಾಡುತ್ತಾರೆ, ಆದರೂ ರೋಗಿ ಮುಖ ತಿರುಗಿಸಿಕೊಳ್ಳುತ್ತಾನೆ.

ಥೆರಪಿಸ್ಟ್‌ಗೆ ಇಲ್ಲಿ ಎರಡು ದಾರಿ. ಹೋದ ಶಕ್ತಿಯನ್ನು ಅಭ್ಯಾಸದಿಂದ ಮರಳಿ ತರಲು ನೋಡುವುದು ಒಂದು. ಕೆಲಸ ಮಾಡುವ ರೀತಿಯನ್ನೇ ಬದಲಿಸುವುದು ಇನ್ನೊಂದು: ಕನ್ನಡಿ ಮುಂದೆ ನಿಂತು ಬೆರಳಿನ ಕೆಲಸವನ್ನು ಕಣ್ಣಿಗೆ ಒಪ್ಪಿಸುವುದು, ಗುಂಡಿ ಎಳೆಯುವ ಕೊಕ್ಕೆ ಬಳಸುವುದು, ಬಿಸಿನೀರನ್ನು ಬೆರಳಿನ ಬದಲು ಮೊಣಕೈಯಿಂದ ಮುಟ್ಟಿ ನೋಡುವುದು. ಎರಡೂ ಒಟ್ಟಿಗೆ ಸಾಗಬಹುದು.

ಮೊದಲ ದಿನದಿಂದಲೇ ಯಾಕೆ? ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದರೆ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೂ ತೋಳಿಗೆ ಲಿಂಫೆಡಿಮಾ ಎಂಬ ಬಾವು ಬರಬಹುದು. ಉಂಗುರ ಬಿಗಿಯಾಯಿತು, ತೋಳು ಭಾರ ಅನ್ನಿಸಿತು ಅನ್ನುವಾಗಲೇ ಹಿಡಿದರೆ ಹತೋಟಿ ಸುಲಭ. ಶಸ್ತ್ರಚಿಕಿತ್ಸೆಗೆ ಮುಂಚೆಯೇ ತೋಳಿನ ಸುತ್ತಳತೆ ಬರೆದಿಟ್ಟಿಲ್ಲವಾದರೆ ಆಮೇಲೆ ಯಾವುದಕ್ಕೆ ಹೋಲಿಸುವುದು?

ಹರ್ಬರ್ಟ್ ಡೀಟ್ಸ್ ಎಂಬ ಅಮೆರಿಕನ್ ವೈದ್ಯರು ಕ್ಯಾನ್ಸರ್ ಪುನಶ್ಚೇತನವನ್ನು ನಾಲ್ಕು ಬಗೆ ಮಾಡಿ ದಶಕಗಳಾದವು: ತೊಂದರೆ ತಡೆಯುವುದು, ಕಳೆದದ್ದನ್ನು ಮರಳಿ ತರುವುದು, ಉಳಿದದ್ದಕ್ಕೆ ಆಸರೆಯಾಗುವುದು, ಕೊನೆಯ ದಿನಗಳನ್ನು ಹಗುರ ಮಾಡುವುದು. ತಡೆಯುವುದೇ ಮೊದಲನೆಯದು. ತೊಂದರೆ ಬಂದ ಮೇಲೆ ಕರೆಸಿದರೆ ಆ ಅವಕಾಶ ಹೋಯಿತು. ಕೊನೆಯ ಬಗೆಯನ್ನೂ ನಾನು ಬಿಡಲಾರೆ. ಹಾಸಿಗೆ ಹಿಡಿದವರು ಮಗಳ ತಲೆ ಬಾಚಬೇಕು ಅಂದರೆ, ಬೆನ್ನಿಗೆ ದಿಂಬು ಕೊಟ್ಟು, ಮೊಣಕೈಗೆ ಆಸರೆ ಇಟ್ಟು, ಉದ್ದ ಹಿಡಿಯ ಬಾಚಣಿಗೆ ಕೈಗಿಡುವುದೂ ಚಿಕಿತ್ಸೆಯೇ.

ವಿರೋಧ: ಬೇಕಾದವರಿಗೆ, ಬೇಕಾದಾಗ

ಥೆರಪಿಯ ಮೇಲೆ ನನಗೆ ತಕರಾರಿಲ್ಲ. ತಕರಾರು ‘ಎಲ್ಲರಿಗೂ’, ‘ಮೊದಲ ದಿನದಿಂದಲೇ’ ಎಂಬ ಎರಡು ಮಾತಿನ ಮೇಲೆ.

ಕ್ಯಾನ್ಸರ್ ಎಂಬ ಪದ ಕೇಳಿದ ದಿನ ಕಿವಿಗೆ ಬೇರೇನೂ ಇಳಿಯುವುದಿಲ್ಲ. ಅವತ್ತೇ ಕೂತು ಸ್ನಾನ ಮಾಡುವ ಸ್ಟೂಲಿನ ಬಗ್ಗೆ ಹೇಳಿದರೆ ಭಯ ಜಾಸ್ತಿಯಾಗುತ್ತದೆ, ಅಷ್ಟೇ. ಸ್ಕ್ಯಾನ್, ರಕ್ತ ಪರೀಕ್ಷೆ, ಡಾಕ್ಟರ ಭೇಟಿ ಎಂದು ವಾರವೇ ತುಂಬಿರುತ್ತದೆ. ಚಿಕ್ಕ ಗಡ್ಡೆ ತೆಗೆಸಿಕೊಂಡು ಕೆಲವೇ ವಾರದಲ್ಲಿ ಕೆಲಸಕ್ಕೆ ಮರಳುವವರೂ ಇದ್ದಾರೆ. ಅವರನ್ನೂ ಸುಮ್ನೆ ಸಾಲಿನಲ್ಲಿ ನಿಲ್ಲಿಸಿದರೆ, ನಿಜವಾಗಿ ಕೈ ಆಡದವರ ಸರದಿ ಹಿಂದೆ ಬೀಳುತ್ತದೆ.

ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ಕ್ಯಾನ್ಸರ್ ತರುವ ಸುಸ್ತು ನಿದ್ದೆ ಮಾಡಿದರೂ ಹೋಗದ ಸುಸ್ತು. ಅದಕ್ಕೆ ಶಕ್ತಿ ಉಳಿಸುವ ಪಾಠ ಹೇಳುತ್ತಾರೆ: ಮುಖ್ಯವಾದದ್ದನ್ನು ಮೊದಲು ಮಾಡಿ, ನಡುವೆ ಬಿಡುವು ಕೊಡಿ, ಕೂತು ಮಾಡಿ. ಒಳ್ಳೆಯ ಪಾಠವೇ. ಆದರೆ ಈ ಸುಸ್ತಿಗೆ ವ್ಯಾಯಾಮದಿಂದ ಆಗುವ ಲಾಭಕ್ಕೆ ಇರುವಷ್ಟು ಗಟ್ಟಿ ಪುರಾವೆ ಈ ಪಾಠಕ್ಕಿಲ್ಲ. ನಿಲ್ಲಬಲ್ಲವರಿಗೆ ಬೇಗ ಕುರ್ಚಿ ಕೊಟ್ಟರೆ ಕಾಲಿನ ಸ್ನಾಯು ಸೊರಗುತ್ತದೆ. ಆಮೇಲೆ ಆ ಕುರ್ಚಿ ನಿಜವಾಗಿಯೂ ಬೇಕಾಗುತ್ತದೆ. ಮೂಳೆಗೆ ಕ್ಯಾನ್ಸರ್ ಹರಡಿದವರ, ಪ್ಲೇಟ್‌ಲೆಟ್ ತೀರಾ ಇಳಿದವರ ಮಾತು ಬೇರೆ. ಅವರಿಗೆ ವ್ಯಾಯಾಮಕ್ಕೂ ಎಚ್ಚರ ಬೇಕು, ಅಲ್ಲಿ ಥೆರಪಿಸ್ಟ್ ಇರಲೇಬೇಕು.

ತೋಳಿನ ಅಳತೆಯ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅಳತೆ ಪಟ್ಟಿ ಹಿಡಿಯುವುದನ್ನು ನರ್ಸ್‌ಗೂ ಕಲಿಸಬಹುದು. ಪ್ರತಿ ಭೇಟಿಯಲ್ಲೂ ಅವರೇ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ‘ಇವತ್ತು ನಿಮ್ಮ ಅಂಗಿಯ ಗುಂಡಿ ಹಾಕಿದ್ದು ಯಾರು?’ ‘ಮಗ’ ಎಂಬ ಉತ್ತರ ಬಂದರೆ ಅವತ್ತೇ ಥೆರಪಿಸ್ಟ್ ಹತ್ತಿರ ಕಳಿಸಲಿ.