ಸಿಬ್ಬಂದಿಗೆ ಐದು ಸ್ಟಾರ್, ರೈಲಿಗೆ?

ಹೊಸ ಕಂಪನಿಯ ರೈಲಿಗೆ ಈ ತಿಂಗಳು ನಾಲ್ಕು ಸಲ ಟಿಕೆಟ್ ಮಾಡಿಸಿದೆ. ಹೇಳಿದ ಹೊತ್ತಿಗೆ ತಲುಪಿಸಿದ್ದು ಒಂದೇ ಸಲ. ಎರಡು ಸಲ ತಡ, ಇನ್ನೊಂದು ಸಲ ರೈಲೇ ರದ್ದು. ಕಂಪನಿಯ ಹೆಸರು ಬೇಡ ಬಿಡಿ, ಜಗಳ ನನಗೆ ಬೇಕಿಲ್ಲ.

ತಮಾಷೆ ಏನೆಂದರೆ, ಸಿಬ್ಬಂದಿಯ ಬಗ್ಗೆ ಒಂದು ಕೆಟ್ಟ ಮಾತು ಆಡುವ ಹಾಗಿಲ್ಲ. ಮೊನ್ನೆ ರೈಲು ನಡುದಾರಿಯಲ್ಲಿ ನಿಂತಾಗ ಒಬ್ಬ ಹುಡುಗಿ ಬೋಗಿಯಿಂದ ಬೋಗಿಗೆ ಓಡಾಡಿ ನೀರು ಕೊಟ್ಟಳು. ವಯಸ್ಸಾದವರ ಚೀಲ ಎತ್ತಿಟ್ಟಳು. "ಯಾಕಮ್ಮಾ ನಿಂತಿದೆ?" ಅಂತ ಕೇಳಿದೆ. "ನಮಗೂ ಹೇಳಿಲ್ಲ ಸರ್. ನಿಮ್ಮ ಫೋನಿಗೆ ಏನಾದರೂ ಬಂದಿದೆಯಾ?" ಅಂದಳು!

ಅವಳ ಮೇಲೆ ರೇಗಲು ಮನಸ್ಸು ಬರಲಿಲ್ಲ. ಕಂಪನಿಗೆ ಬೇಕಾಗಿರುವುದೂ ಅದೇ ಅನ್ನಿಸುತ್ತದೆ. ಸಿಟ್ಟು ಬಂದಾಗೆಲ್ಲಾ ಎದುರಿಗೆ ಇಂಥ ಒಂದು ಒಳ್ಳೆಯ ಮುಖ ನಿಂತಿರುತ್ತದೆ. ವೇಳಾಪಟ್ಟಿ ಹಾಕಿದವರು ಮಾತ್ರ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಹೊಸಬರಿಗೆ ಕಷ್ಟ ಇದೆ, ನಿಜ. ಎಷ್ಟೋ ಕಡೆ ಹಳಿ, ಸಿಗ್ನಲ್ ಬೇರೆಯವರದ್ದು. ಬಾಡಿಗೆ ಕೊಟ್ಟು ತಮ್ಮ ಸರದಿಯಲ್ಲಿ ಓಡಿಸಬೇಕು. ಸರದಿ ತಪ್ಪಿದರೆ ಮುಂದಿನ ನಿಧಾನದ ರೈಲಿನ ಬಾಲ ಹಿಡಿದು ತೆವಳುವುದೇ ಗತಿ. ಹತ್ತು ನಿಮಿಷದ ತಡ ಹೀಗೇ ನಲವತ್ತು ನಿಮಿಷ ಆಗಿಬಿಡುತ್ತದೆ. ಹೊಸ ಬೋಗಿಗಳ ಬಾಗಿಲು, ಸಾಫ್ಟ್‌ವೇರ್ ಮೊದಮೊದಲು ಕೈಕೊಡುತ್ತವೆ. ಡ್ರೈವರ್‌ಗೆ ರೈಲು ಓಡಿಸಲು ಬಂದರೆ ಸಾಲದು, ಆ ದಾರಿಯ ತಿರುವು, ಏರು, ಸಿಗ್ನಲ್ ಎಲ್ಲಾ ಗೊತ್ತಿರಬೇಕು. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಲ್ಲಿ ಹೊಸ ವೇಳಾಪಟ್ಟಿ ಬಂದಾಗ ಸಾಕಷ್ಟು ಡ್ರೈವರ್‌ಗಳಿಗೆ ದಾರಿಯ ತರಬೇತಿ ಮುಗಿದಿರಲಿಲ್ಲ. ವಾರಗಟ್ಟಲೆ ರೈಲುಗಳು ರದ್ದಾದವು.

ಆದರೆ ಇದೆಲ್ಲಾ ಮೊದಲೇ ಗೊತ್ತಿರುವ ವಿಷಯ ಅಲ್ವಾ? ಇರುವ ರೈಲುಗಳನ್ನೆಲ್ಲಾ ಓಡಾಟಕ್ಕೆ ಹಾಕಿ, ಒಂದನ್ನೂ ಸ್ಪೇರ್ ಇಟ್ಟುಕೊಳ್ಳದಿದ್ದರೆ, ಬೆಳಿಗ್ಗೆ ಒಂದು ಕೆಟ್ಟರೆ ಸಂಜೆಯವರೆಗೂ ಪರದಾಟ. ಇದು ದುರದೃಷ್ಟ ಅಲ್ಲ, ಲೆಕ್ಕ ಹಾಕಿ ಮಾಡಿದ ಜಿಪುಣತನ.

ಸಮಯಪಾಲನೆಯ ಅಂಕಿ ತೋರಿಸಿದರೆ ಸುಮ್ನೆ ನಂಬಬೇಡಿ. ಜರ್ಮನಿಯಲ್ಲಿ 6 ನಿಮಿಷದೊಳಗಿನ ತಡ ತಡವೇ ಅಲ್ಲ. ರದ್ದಾದ ರೈಲು ಆ ಲೆಕ್ಕಕ್ಕೇ ಬರಲ್ಲ. ತುಂಬಾ ತಡವಾಗುವ ಬದಲು ರೈಲನ್ನೇ ರದ್ದು ಮಾಡಿದರೆ ಅಂಕಿ ಚೆನ್ನಾಗಿ ಕಾಣುತ್ತದೆ!

ದುಡ್ಡು ವಾಪಸ್ ಕೊಡುವ ವಿಷಯದಲ್ಲಿ ಯುರೋಪಿಯನ್ ಒಕ್ಕೂಟದ ನಿಯಮ ಸರಳ. ಒಂದು ಗಂಟೆ ತಡವಾದರೆ ಟಿಕೆಟ್ ದರದ ಶೇ 25, ಎರಡು ಗಂಟೆಯಾದರೆ ಶೇ 50. ಜಪಾನಿನಲ್ಲಂತೂ ರೈಲು ತಡವಾಗಿದ್ದಕ್ಕೆ ಚೀಟಿಯನ್ನೇ ಬರೆದು ಕೊಡುತ್ತಾರೆ, ಅದನ್ನು ಆಫೀಸಿನಲ್ಲಿ ತೋರಿಸಬಹುದು. ಅಲ್ಲಿನ ಸಿಬ್ಬಂದಿಯ ಕೈಯಲ್ಲಿ ಕೊಡಲಿಕ್ಕೆ ಏನೋ ಒಂದು ಇರುತ್ತದೆ. ನಮ್ಮ ಹುಡುಗಿಯ ಕೈಯಲ್ಲಿ ನೀರಿನ ಬಾಟಲಿ ಬಿಟ್ಟರೆ ಏನಿತ್ತು? ರೈಲು ಯಾಕೆ ನಿಂತಿದೆ, ಎಷ್ಟು ಹೊತ್ತಾಗಬಹುದು ಅನ್ನುವ ಒಂದು ಸಾಲನ್ನು ಅವಳಿಗೆ ಕಳಿಸಿದ್ದರೆ ಸಾಕಿತ್ತು.

ಅಂದಹಾಗೆ, ನನ್ನ ಫೋನಿಗೆ ಮೆಸೇಜ್ ಬಂತು. ರೈಲು ಇನ್ನೂ ಹೊಲದ ಮಧ್ಯೆ ನಿಂತೇ ಇತ್ತು. "ನಿಮ್ಮ ಪ್ರಯಾಣ ಸುಖಕರವಾಗಿತ್ತೇ? ನಮ್ಮ ಸಿಬ್ಬಂದಿಗೆ ಎಷ್ಟು ಸ್ಟಾರ್ ಕೊಡುತ್ತೀರಿ?" ಐದು ಒತ್ತಿದೆ. ರೈಲಿಗೆ ಎಷ್ಟು ಅಂತ ಎಲ್ಲಾದರೂ ಕೇಳಿದ್ದಾರಾ ಅಂತ ಕೆಳಗಿನವರೆಗೂ ಹುಡುಕಿದೆ. ಕೇಳಿರಲಿಲ್ಲ.